ಎರಡೂವರೆ ಗಂಟೆಯ ಬಾವುಟ

ನಮ್ಮ ಮನೆಯವರಷ್ಟು ನಿಧಾನದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಡಿದ್ದರೆ ಮದುವೆಗೆ ಮುಂಚೆ ಹೋಲಿಸಿಯಾದರೂ ನೋಡುತ್ತಿದ್ದೆ. ಕಸುಬಿನಲ್ಲಿ ಕ್ಷೌರಿಕರು. ಬೇರೆ ಅಂಗಡಿಯವರು ಮೂರು ತಲೆ ಮುಗಿಸುವ ಹೊತ್ತಿಗೆ ಇವರದು ಒಂದು ತಲೆ, ಅದರಲ್ಲೂ ಒಂದು ಕಿವಿಯ ಸುತ್ತ ಇನ್ನೂ ಬಾಕಿ. ಕೈ ನಿಧಾನವಾದರೆ ಬಾಯಿ ಅಷ್ಟೇ ಚುರುಕು. ಅವರ ಕೈಗೆ ತಲೆ ಕೊಟ್ಟವರು ಎದ್ದು ಓಡುವ ಹಾಗಿಲ್ಲವಲ್ಲ, ಕೇಳಲೇಬೇಕು. ನಮ್ಮದು ಒಂದೇ ಕುರ್ಚಿಯ ಅಂಗಡಿ. ಹಿಂದುಗಡೆ ಒಂದು ಪರದೆ, ಪರದೆಯ ಹಿಂದೆ ನನ್ನ ಹೊಲಿಗೆ ಯಂತ್ರ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತುಹೋದ ಜಿಪ್ ಹಾಕಿಕೊಡುವುದು, ಇಂಥ ಕೆಲಸ ನನ್ನದು. ಗಿರಾಕಿಗಳಾದರೂ ತಿಂಗಳಿಗೊಮ್ಮೆ ಕೇಳುತ್ತಾರೆ. ನಾನು ದಿನವೂ ಕೇಳಬೇಕು.

ಇಂಥವರು ಓಟಕ್ಕೆ ಇಳಿದರು ಎಂದರೆ ಯಾರು ನಂಬುತ್ತಾರೆ? ವೈದ್ಯರು ಸಕ್ಕರೆ ಕಾಯಿಲೆಗೆ ಹೆದರಿಸಿದ್ದಕ್ಕೆ ಬೆಳಿಗ್ಗೆ ನಡೆಯಲು ಹೊರಟರು. ನಡಿಗೆ ಓಟವಾಯಿತು, ಓಟ ಹುಚ್ಚಾಯಿತು. ಆದರೆ ಓಡುವುದರಲ್ಲೂ ಅದೇ ನಿಧಾನ. ಮೊದಲ ಕಿಲೋಮೀಟರಿಗೆ ಎಷ್ಟು ಹೊತ್ತೋ ಕಡೆಯದಕ್ಕೂ ಅಷ್ಟೇ ಹೊತ್ತು, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ನಗುತ್ತಿದ್ದೆ. ಆ ಗುಣಕ್ಕೂ ಪ್ರಪಂಚದಲ್ಲಿ ಒಂದು ಹುದ್ದೆ ಇದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ದೊಡ್ಡ ಓಟಗಳಲ್ಲಿ ಬಾವುಟದವರು ಅಂತ ಇರುತ್ತಾರೆ. ಬೆನ್ನಿಗೆ ಕೋಲು, ಕೋಲಿನ ತುದಿಗೆ ಬಾವುಟ, ಬಾವುಟದ ಮೇಲೆ ಒಂದು ಸಮಯ. ಇವರ ಬಾವುಟದ ಮೇಲೆ ಬರೆದದ್ದು ಎರಡೂವರೆ ಗಂಟೆ. ಅಂದರೆ ಇವರ ಹಿಂದೆ ಬಿಡದೆ ಓಡಿ ಬಂದವರು ಹಾಫ್ ಮ್ಯಾರಥಾನನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಾರೆ ಎಂದು ಅರ್ಥ. ಬಾವುಟದವರು ಮುಂಚೆಯೂ ಮುಟ್ಟಬಾರದು, ತಡವಾಗಿಯೂ ಮುಟ್ಟಬಾರದು. ಇವರಿಗೋಸ್ಕರವೇ ಯಾರೋ ಕೂತು ಕಂಡುಹಿಡಿದ ಕೆಲಸ ಇದು. ಆ ಬಾವುಟ ಸಿಕ್ಕ ವರ್ಷದಿಂದ ಇವರ ನಡಿಗೆಯೇ ಬೇರೆಯಾಯಿತು. ಅಂಗಡಿಯಲ್ಲಿ ಕನ್ನಡಿಯ ಪಕ್ಕ ಬಾವುಟದ ಫೋಟೋ ಹಾಕಿಕೊಂಡರು. ನನ್ನ ಫೋಟೋ ಅಲ್ಲಿ ಯಾವತ್ತೂ ಇರಲಿಲ್ಲ, ಆ ಮಾತು ಬೇರೆ.

ಓಡುವಾಗಲೂ ಬಾಯಿ ಸುಮ್ಮನಿರುವುದಿಲ್ಲ. ಬೇಕೆಂದೇ ಮಾತಾಡುತ್ತಾರಂತೆ. ಹಿಂದಿನವರು ತಿರುಗಿ ಉತ್ತರ ಕೊಟ್ಟರೆ ವೇಗ ಸರಿಯಾಗಿದೆ ಎಂದು ಲೆಕ್ಕ. ಬರೀ ಹೂಂ ಎಂದರೆ ದಣಿದಿದ್ದಾರೆ, ಒಂದಿಷ್ಟು ಸಡಿಲ ಬಿಡಬೇಕು. ಪ್ರತಿ ವರ್ಷವೂ ಇವರ ಹಿಂದೆಯೇ ಓಡಲು ಬರುವ ಒಂದು ಗುಂಪಿತ್ತು. ಅದರಲ್ಲಿ ಒಬ್ಬಾಕೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಸದಾ ಇವರ ಎಡಗಡೆ, ಎರಡು ಮಾರು ಹಿಂದೆ. ಒಂದು ಮಾತೂ ಆಡಿದವಳಲ್ಲ. ಇವರು ಅವಳಿಗೆ ನೆರಳು ಎಂದು ಹೆಸರಿಟ್ಟಿದ್ದರು.

ಹೋದ ವರ್ಷದ ಓಟದಲ್ಲಿ ಎಲ್ಲ ಕೆಟ್ಟಿತು. ನಡೆಸುವವರು ಆಸೆಬಿದ್ದು ಸಿಕ್ಕಾಪಟ್ಟೆ ಜನರನ್ನು ಸೇರಿಸಿಕೊಂಡಿದ್ದರು. ಓಟ ಶುರುವಾಗುವ ಕಡೆ ಕಾಲಿಡಲು ಜಾಗವಿಲ್ಲ. ನಡೆಯಲು ಬಂದವರು ನಾಲ್ಕು ನಾಲ್ಕು ಜನ ಸಾಲಾಗಿ ಕೈ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ. ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬೇರೆ. ಮೊದಲ ತಿರುವಿನಲ್ಲೇ ಇವರ ಗುಂಪು ಸಿಕ್ಕಿಹಾಕಿಕೊಂಡಿತು. ಕಳೆದುಹೋದ ಹೊತ್ತನ್ನು ಹಿಡಿಯಲು ಹೋಗಿ ಇವರು ಜೀವಮಾನದಲ್ಲಿ ಮೊದಲ ಸಲ ಆತುರಪಟ್ಟರು. ಹಿಂದಿದ್ದವರು ಒಬ್ಬೊಬ್ಬರಾಗಿ ಉದುರಿದರು. ಕೊನೆಗೆ ಬಾವುಟವೂ ತಡವಾಗಿಯೇ ಮುಟ್ಟಿತು. ದೂರು ಹೋದವು. ತಪ್ಪು ಯಾರದ್ದಾದರೇನು, ಬೈಸಿಕೊಳ್ಳುವುದು ಎತ್ತರದಲ್ಲಿ ಕಾಣಿಸುವವರೇ.

ಓಟದ ಮ್ಯಾನೇಜರ್ ಒಳ್ಳೆಯ ಹುಡುಗ. ಅಂಗಡಿಗೇ ಬಂದು ಕುರ್ಚಿಯಲ್ಲಿ ಕೂತು ಹೇಳಿದ: "ಅಂಕಲ್, ಇದೊಂದು ಸಲ ನೋಡೋಣ. ಸರಿಯಾದ ಹೊತ್ತಿಗೆ ಮುಟ್ಟಿಸಿದ್ರೆ ಬಾವುಟ ನಿಮ್ಮದೇ. ಇಲ್ಲಾಂದ್ರೆ ನನ್ನ ಮೇಲಿನವರಿಗೆ ನಾನು ಏನೂ ಹೇಳೋಕಾಗಲ್ಲ."

ಇವರು ಅವನ ಕತ್ತಿನ ಮೇಲೆ ಪೌಡರ್ ಹಚ್ಚುತ್ತಾ, "ಮುಟ್ಟಿಸ್ತೀನಿ ಬಿಡಪ್ಪ," ಎಂದರು. ಅಷ್ಟೇ. ಆ ಹುಡುಗನಿಗೆ ಒಂದು ಕಥೆಯನ್ನೂ ಹೇಳದೆ ಕಳಿಸಿದ್ದನ್ನು ನೋಡಿಯೇ ಇವರಿಗೆ ಎಷ್ಟು ನಾಟಿದೆ ಎಂದು ನನಗೆ ತಿಳಿಯಿತು.

ಇನ್ನೊಂದು ವಿಷಯವೂ ನನಗೆ ತಿಳಿದಿತ್ತು. ಮೊದಲೆಲ್ಲ ಗಿರಾಕಿಯ ಸುತ್ತ ಇವರು ತಿರುಗಿ ಕೆಲಸ ಮಾಡುತ್ತಿದ್ದರು. ಈಚೆಗೆ ತಾವು ನಿಂತಲ್ಲೇ ನಿಂತು ಕುರ್ಚಿಯನ್ನು ತಿರುಗಿಸುತ್ತಿದ್ದರು. ಒಬ್ಬ ಮುದುಕರಂತೂ ತಲೆ ಸುತ್ತುತ್ತದೆ ಎಂದು ಅರ್ಧ ಕ್ಷೌರಕ್ಕೇ ಎದ್ದುಬಿಟ್ಟರು.

"ರೀ, ಮಂಡಿ ನೋಯ್ತಿದೆಯಾ?" ಎಂದು ಕೇಳಿದೆ.

"ಕುರ್ಚಿ ಇರೋದೇ ತಿರುಗಿಸೋಕಲ್ವೇನೇ?"

ಡಾಕ್ಟರ ಹತ್ತಿರ ಹೋಗೋಣ ಎಂದರೆ ಓಟ ಮುಗಿಯಲಿ ಎಂದರು. ಮೆಟ್ಟಿಲು ಇಳಿಯುವಾಗ ಕೈ ಹಿಡಿಯಲು ಹೋದರೆ ಕೊಡವಿಕೊಂಡರು. ಹಟಕ್ಕೆ ಬಿದ್ದವರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು.

ಓಟದ ದಿನ ದಾರಿಯಲ್ಲಿ ನೀರು ಕೊಡುವ ಮೇಜು ನನ್ನದು. ಆ ದಾರಿಯಲ್ಲಿ ಓಟಗಾರರು ಹೋಗುವಾಗ ರಸ್ತೆಯ ಈಚೆ ಬದಿ, ದೂರದ ತಿರುವು ಸುತ್ತಿ ಬರುವಾಗ ಆಚೆ ಬದಿ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನುವ ಹಾಗೆ ಈ ಸಲ ಎಲ್ಲೆಲ್ಲೂ ಬ್ಯಾರಿಕೇಡ್. ಶುರುವಿನಲ್ಲಿ ಜನರನ್ನು ತಂಡ ತಂಡವಾಗಿ ಬಿಟ್ಟರಂತೆ, ಅದು ಒಳ್ಳೆಯದೇ ಆಯಿತು. ಆದರೆ ನೀರಿನ ಮೇಜುಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟವರು ಯಾರೋ, ಅವರನ್ನು ನಾನು ಒಂದು ಸಲ ಭೇಟಿ ಮಾಡಬೇಕು. ಬಾಯಾರಿದವರು ಮೊದಲ ಮೇಜು ಕಂಡ ಕೂಡಲೇ ಮುಗಿಬೀಳುತ್ತಾರೆ, ಹಿಂದಿನವರು ಅವರ ಬೆನ್ನಿಗೆ ಬಂದು ಬೀಳುತ್ತಾರೆ. ಕಡೆಯ ಮೇಜಿನವರು ಕೈ ಕಟ್ಟಿಕೊಂಡು ನೋಡುತ್ತಿರುತ್ತಾರೆ. ನನ್ನದು ಮೊದಲ ಮೇಜು. "ಮುಂದೆಯೂ ನೀರಿದೆ! ಅದೂ ಇದೇ ನೀರು!" ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತು. ಲೋಟ ತುಳಿದು ಜಾರುವವರು, ಹಿಮ್ಮಡಿ ತುಳಿಸಿಕೊಂಡು ಬೈಯುವವರು, ಬೈದ ಮೇಲೆ ಸಾರಿ ಎನ್ನುವವರು.

ಅಷ್ಟರಲ್ಲಿ ತಲೆಗಳ ಮೇಲೆ ನಮ್ಮ ಬಾವುಟ ಕಾಣಿಸಿತು. ಗಡಿಯಾರ ನೋಡಿದೆ, ಸರಿಯಾದ ಹೊತ್ತಿಗೇ ಬರುತ್ತಿದ್ದರು. ಸಮಾಧಾನವಾಯಿತು. ಹತ್ತಿರ ಬಂದಾಗ ನೋಡಿದರೆ ಇವರ ಬಾಯಿ ಮುಚ್ಚಿತ್ತು. ನನ್ನ ಕಡೆ ನೋಡದೆ ಹಾದುಹೋದರು. ನಮ್ಮ ಮೇಜುಗಳು ಮುಗಿಯುತ್ತಿದ್ದ ಹಾಗೆ ಬಾಗಿಲು ಹಾಕಿದ್ದ ಬಟ್ಟೆ ಅಂಗಡಿಯ ಪಕ್ಕದ ಸಂದಿಗೆ ಬಾವುಟ ತಿರುಗಿತು.

ಓಟದ ದಾರಿ ನೆಟ್ಟಗೆ ಇತ್ತು. ಸಂದಿಗೆ ತಿರುಗುವ ದಾರಿಯೇ ಅಲ್ಲ. ಆದರೆ ಬಾವುಟ ತಿರುಗಿದ ಮೇಲೆ ಕೇಳಬೇಕೆ? ಹಿಂದಿದ್ದವರೂ ತಿರುಗಿದರು, ಅವರ ಹಿಂದಿದ್ದವರೂ ತಿರುಗಿದರು. ನಲವತ್ತು ಜನಕ್ಕೆ ಕಡಿಮೆಯಿಲ್ಲ. ಬ್ಯಾರಿಕೇಡಿನ ಬಳಿ ನಿಂತಿದ್ದ ಸ್ವಯಂಸೇವಕ ಚಪ್ಪಾಳೆ ತಟ್ಟಿ ಅವರನ್ನು ಹುರಿದುಂಬಿಸಿ ಒಳಗೆ ಕಳಿಸಿದ!

ನಾನು ನೀರಿನ ಜಗ್ಗು ಹಿಡಿದುಕೊಂಡೇ ಓಡಿದೆ. "ಜರುಗಿ, ಜರುಗಿ, ಅವರ ಹೆಂಡತಿ ನಾನು!" ಸಂದಿಯಲ್ಲಿ ಜನ ಕಿಕ್ಕಿರಿದಿದ್ದರು. ಕೆಲವರು ಇದು ಶೌಚಾಲಯದ ಸಾಲು ಎಂದುಕೊಂಡು ಗೋಡೆಗೆ ಒತ್ತಿ ಶಿಸ್ತಾಗಿ ನಿಂತುಬಿಟ್ಟಿದ್ದರು. ಇನ್ನೊಬ್ಬ, "ಅಂಕಲ್ ಯಾವುದೋ ಒಳದಾರಿ ಕಂಡುಹಿಡಿದಿರಬೇಕು," ಎಂದು ಪಕ್ಕದವನಿಗೆ ವಿವರಿಸುತ್ತಿದ್ದ.

ಸಂದಿಯ ಕೊನೆಯಲ್ಲಿ ನಮ್ಮ ಮನೆಯವರು ಗೋಡೆಗೆ ಒರಗಿ ಎರಡು ಕೈಯಲ್ಲೂ ಮಂಡಿ ಹಿಡಿದುಕೊಂಡಿದ್ದರು. ಮುಖ ಬಿಳಿಚಿಕೊಂಡಿತ್ತು. ಯಾರಿಗೂ ಕಾಣದ ಹಾಗೆ ಒಂದು ಗಳಿಗೆ ನೋಯೋಣ ಎಂದು ಬಂದವರ ಸುತ್ತ ನಲವತ್ತು ಜನ ಅರ್ಧಚಂದ್ರಾಕಾರವಾಗಿ ನಿಂತು ನೋಡುತ್ತಿದ್ದರು.

"ಏನಿಲ್ಲ, ಲೇಸು ಬಿಚ್ಚಿತ್ತು," ಎಂದರು ನನ್ನನ್ನು ಕಂಡು.

ಲೇಸು ಗಂಟಿನ ಮೇಲೆ ಗಂಟು ಬಿದ್ದು ಭದ್ರವಾಗಿಯೇ ಇತ್ತು.

"ಓಡೋಕಾಗುತ್ತಾ ರೀ?"

ಕಾಲು ಊರಿ ನೋಡಿದರು. ಊರಲಾಗಲಿಲ್ಲ. ನನಗೆ ಅಳು ಬಂತು, ಈ ಮನುಷ್ಯನ ಮೇಲೆ ರೇಗಬೇಕು ಎಂದೂ ಅನಿಸಿತು. ಇವರು ಮಾತ್ರ ನನ್ನನ್ನು ಬಿಟ್ಟು ಗುಂಪಿನ ಮುಖಗಳನ್ನು ನೋಡುತ್ತಿದ್ದರು. ಆ ನಲವತ್ತು ಜನ ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಕಾಲು ಸವೆಸಿದವರು. ಇಲ್ಲಿ ನಿಂತಷ್ಟೂ ಅವರ ಹೊತ್ತು ಸೋರಿಹೋಗುತ್ತಿತ್ತು. ಇವರು ಬೆನ್ನಿನಿಂದ ಬಾವುಟ ಬಿಚ್ಚಿದರು.

"ನೆರಳು, ಬಾ ಇಲ್ಲಿ."

ಅವಳು ಎಡಗಡೆ, ಎರಡು ಮಾರು ದೂರದಲ್ಲಿಯೇ ಇದ್ದಳು. ಬಾವುಟ ನೀಡಿದರೆ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡಳು.

"ನನ್ನ ಕೈಲಾಗಲ್ಲಣ್ಣ. ನಿಮ್ಮನ್ನ ನೋಡ್ಕೊಂಡು ಓಡೋಳು ನಾನು. ಮುಂದೆ ನಿಂತ್ರೆ ಯಾರನ್ನ ನೋಡ್ಲಿ?" ನಾನು ಕೇಳಿದ ಅವಳ ಮೊದಲ ಮಾತು ಅದು.

"ಯಾರನ್ನೂ ನೋಡ್ಬೇಡ. ನನ್ನ ವೇಗ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮಾತಾಡ್ತಾ ಇರು, ಅಷ್ಟೇ. ಹಿಂದಿನಿಂದ ಉತ್ತರ ಬರದಿದ್ರೆ ನಿಧಾನ ಮಾಡು."

"ನನಗೆ ಮಾತೇ ಬರಲ್ವಲ್ಲಣ್ಣ!"

"ಅಂಚೆಯವಳಲ್ವೇನಮ್ಮ? ಒಬ್ಬೊಬ್ಬರದೂ ವಿಳಾಸ ಕೇಳು."

ಬಾವುಟವನ್ನು ನಾನೇ ಅವಳ ಬೆನ್ನಿಗೆ ಕಟ್ಟಿದೆ. ಗುಂಪು ಹಿಂದುಮುಂದಾಗಿ ತಿರುಗಿ, ಒಬ್ಬರ ಕಾಲನ್ನೊಬ್ಬರು ತುಳಿಯುತ್ತಾ ಸಂದಿಯಿಂದ ಹೊರಬಿತ್ತು. ಸ್ವಯಂಸೇವಕ ಮತ್ತೆ ಚಪ್ಪಾಳೆ ತಟ್ಟಿದ.

ಇವರನ್ನು ಕರೆತಂದು ನಮ್ಮ ಮೇಜಿನ ಹಿಂದೆ ಒಂದು ಖಾಲಿ ಕ್ಯಾನಿನ ಮೇಲೆ ಕೂರಿಸಿದೆ. ಮಂಡಿ ಊದಿ ಹೋಗಿತ್ತು. ಒದ್ದೆ ಬಟ್ಟೆ ಕಟ್ಟಿದೆ. ಬೇಡ ಎಂದರೂ ಕೇಳದೆ ಕೂತಲ್ಲಿಂದಲೇ ಲೋಟಗಳಿಗೆ ನೀರು ತುಂಬತೊಡಗಿದರು, ಎಂದಿನ ನಿಧಾನದಲ್ಲಿ. ಕಣ್ಣು ಮಾತ್ರ ರಸ್ತೆಯ ಆಚೆ ಬದಿಗೆ. ಯಾರಾದರೂ ಬಂದರೆ ಕತ್ತು ಉದ್ದ ಮಾಡುತ್ತಿದ್ದರು. ಅಷ್ಟು ಹೊತ್ತು ಅವರು ಮಾತಿಲ್ಲದೆ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಕೊನೆಗೂ ಬಾವುಟ ತಿರುಗಿ ಬಂತು. ಅದಕ್ಕೂ ಮುಂಚೆ ದನಿ ಬಂತು. ನೆರಳಿನ ದನಿ ಅಷ್ಟು ದೊಡ್ಡದೆಂದು ಯಾರಿಗೆ ಗೊತ್ತಿತ್ತು?

"ನೀವು, ನೀಲಿ ಬನೀನು, ನಿಮ್ಮನೆ ಎಲ್ಲಿ?"

"ಹಳೇ ನೀರಿನ ಟ್ಯಾಂಕ್ ಹಿಂದೆ!"

"ಹನ್ನೊಂದನೇ ಬೀಟು! ನಿಮ್ಮನೆ ನಾಯಿಗೆ ಹೆದರಿ ನಮ್ಮ ಪೋಸ್ಟ್‌ಮ್ಯಾನ್ ಗೇಟೇ ತೆಗೆಯಲ್ಲ!"

ಗುಂಪಿಗೆ ಗುಂಪೇ ನಕ್ಕಿತು. ಓಡುತ್ತಲೇ ನಕ್ಕಿತು. ಇವರು ಕೈಯಲ್ಲಿದ್ದ ಜಗ್ಗನ್ನು ಕೆಳಗಿಟ್ಟು ಕೈಗಡಿಯಾರ ನೋಡಿಕೊಂಡರು.

"ಸಂದೀಲಿ ಕಳ್ಕೊಂಡಿದ್ದನ್ನ ಚೂರು ಚೂರೇ ತುಂಬ್ಕೊಂಡಿದಾಳೆ ಕಣೇ. ಒಬ್ಬರನ್ನೂ ಬಿಟ್ಟಿಲ್ಲ," ಎಂದರು. "ನನಗೆ ಹೋದ್ವರ್ಷ ಇದು ಆಗ್ಲಿಲ್ಲ."

ಹೊಟ್ಟೆಕಿಚ್ಚು ಇತ್ತೇ ಎಂದು ಮುಖ ನೋಡಿದೆ. ಸ್ವಲ್ಪ ಇತ್ತು. ಇರಲಿ ಬಿಡಿ, ಮನುಷ್ಯರಲ್ಲವೇ.

ನಾವು ಖಾಲಿ ಕ್ಯಾನ್ ಎತ್ತುವ ಗಾಡಿಯಲ್ಲಿ ಕೂತು ಓಟ ಮುಗಿಯುವ ಜಾಗ ಸೇರುವ ಹೊತ್ತಿಗೆ ಅಲ್ಲಿ ಜಾತ್ರೆಯಂಥ ಗದ್ದಲ. ಬ್ಯಾಗು ಹುಡುಕುವವರು, ಬಾಳೆಹಣ್ಣಿಗೆ ನೂಕುವವರು, ಗಂಡನನ್ನು ಕಳೆದುಕೊಂಡವರು. ಮ್ಯಾನೇಜರ್ ಹುಡುಗ ಜನರ ನಡುವೆ ತೂರಿಕೊಂಡು ಬಂದು ಇವರನ್ನು ತಬ್ಬಿಕೊಂಡ. ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು.

"ಅಂಕಲ್! ವೇದಿಕೆ ಮೇಲಿಂದ ನೋಡ್ದೆ. ಬಾವುಟ ಸರಿಯಾಗಿ ಎರಡೂವರೆಗೆ ಬಂತು! ಮೇಲಿನವರೂ ನೋಡಿದ್ರು. ಇನ್ಮೇಲೆ ಬಾವುಟ ನಿಮ್ಮದೇ!"

ಅಷ್ಟು ತಲೆಗಳ ನಡುವೆ ಅವನಿಗೆ ಬಾವುಟ ಮಾತ್ರ ಕಂಡಿತ್ತು, ಕೆಳಗೆ ಹೊತ್ತವರು ಯಾರೆಂದು ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಇವರು ಬಾಯಿ ಬಿಡದಿದ್ದರೆ ಸಾಕು ಎಂದು ನನ್ನ ಮನಸ್ಸು ಬಯಸಿತು. ಮಂಡಿ ವಾಸಿಯಾದರೂ ಆಗಬಹುದು. ಒಂದು ವರ್ಷವಿದೆ. ಸುಮ್ಮನಿದ್ದರೆ ಯಾರ ಗಂಟು ಹೋಗುತ್ತದೆ?

"ತಂದಿದ್ದು ನಾನಲ್ಲಪ್ಪ," ಎಂದರು ಇವರು. ಗುಂಪಿನ ಅಂಚಿನಲ್ಲಿ ಬಾವುಟ ಎದೆಗವಚಿಕೊಂಡು ನಿಂತಿದ್ದವಳನ್ನು ತೋರಿಸಿದರು. "ಅವಳು. ಇನ್ಮೇಲೂ ಅವಳೇ."

ನೆರಳು ಓಡಿಬಂದಳು. "ಇಲ್ಲಣ್ಣ, ನೀವಿರೋವರೆಗೂ ನಾನು ಮುಟ್ಟಲ್ಲ ಇದನ್ನ. ತಗೊಳ್ಳಿ."

"ಬೇಡಮ್ಮ. ಅದು ನನ್ನ ಬೆನ್ನ ಮೇಲಿದ್ರೆ ನಾನು ಎಲ್ಲಿಗೆ ಹೋದ್ರೂ ನೀವೆಲ್ಲ ಹಿಂದೆ ಬರ್ತೀರಿ," ಎಂದು ನಗಲು ನೋಡಿದರು. "ಇನ್ನು ನಾನು ಒಬ್ಬನೇ ಕುಂಟಬೇಕು. ಬಿಟ್ಟುಬಿಡಿ."

ಯಾರೂ ನಗಲಿಲ್ಲ. ನಾನು ಮುಂದೆ ಹೋಗಿ ಇವರ ತೋಳು ಹಿಡಿದುಕೊಂಡೆ. ಬಸ್ಸಿನವರೆಗೂ ಜನರ ನಡುವೆ ಹಾಗೆಯೇ ನಡೆಸಿಕೊಂಡು ಬಂದೆ, ಕೊಡವಿಕೊಳ್ಳಲಿಲ್ಲ.