ತಿರುಗಿ ನಿಂತ ಶೆಡ್ಡು

ಗೇರಕ್ಕನ ನಿಜವಾದ ಹೆಸರು ಅವಳ ಮನೆಯವರಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ವ್ಯಾನುಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಅವಳದು ಎತ್ತಿದ ಕೈ. ಮದುವೆಗೆ ಮುಂಚೆ ಬಿಡಿಭಾಗಗಳ ಅಂಗಡಿಯಲ್ಲಿದ್ದಳು. ಮೆಕ್ಯಾನಿಕ್‌ಗಳು ಕೇಳಿದ್ದನ್ನು ಕಪಾಟಿನಿಂದ ತೆಗೆದುಕೊಡುವುದಷ್ಟೇ ಕೆಲಸ. ಒಬ್ಬ ಮೆಕ್ಯಾನಿಕ್ ಒಂದೇ ಬೇರಿಂಗನ್ನು ಒಂದೇ ತಿಂಗಳಲ್ಲಿ ಮೂರನೇ ಸಲ ಕೇಳಲು ಬಂದಾಗ, "ಅಣ್ಣಾ, ತೊಂದರೆ ಬೇರಿಂಗಲ್ಲಿಲ್ಲ, ಶಾಫ್ಟ್ ಬಾಗಿರಬೇಕು ನೋಡಿ" ಅಂದಳು. ಅವನು ನಕ್ಕು ಹೋದ. ಮಾರನೇ ದಿನ ಬಂದು, "ಬಾಗಿತ್ತಮ್ಮ. ನಿನಗ್ಯಾಕೆ ಈ ಕಪಾಟಿನ ಸಹವಾಸ? ನನ್ನ ಗ್ಯಾರೇಜಿಗೆ ಬಾ" ಅಂದ. ಕೆಲಸ ಕಲಿತದ್ದು ಹಾಗೆ.

ಆಮೇಲೆ ಹದಿನಾರು ವರ್ಷ ಗಂಡನ ಮನೆಯ ಪಕ್ಕದ ಖಾಲಿ ಜಾಗದಲ್ಲಿ, ನಾಲ್ಕು ಕಂಬಕ್ಕೆ ಕಟ್ಟಿದ ಟಾರ್ಪಾಲಿನ ಕೆಳಗೆ ಸ್ವಂತ ಕೆಲಸ. ಒಂದು ಮಧ್ಯಾಹ್ನ ಎದ್ದ ಗಾಳಿಗೆ ಟಾರ್ಪಾಲು ಕಿತ್ತುಕೊಂಡು ಹೋಗಿ ಎದುರುಮನೆಯ ಮಹಡಿಯ ಮೇಲೆ ಕೂತಿತು. ಬಿಚ್ಚಿಟ್ಟ ಗೇರ್‌ಬಾಕ್ಸಿನ ಹಲ್ಲುಹಲ್ಲಿಗೂ ಮಣ್ಣು. ಎರಡು ದಿನ ಅದನ್ನು ತೊಳೆದು ಒರೆಸಿದ ಮೇಲೆ ಗಂಡನ ಮುಂದೆ ಬಂದು ನಿಂತಳು.

"ಸಾಕಾಯ್ತು ರೀ. ಒಂದು ಶೆಡ್ಡು ಹಾಕಿಸೋಣ."

ಗಂಡ ಶಾಲೆಯ ಬಸ್ಸಿನ ಡ್ರೈವರ್. ನಲವತ್ತು ಮಕ್ಕಳ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. "ಇಟ್ಟಿಗೆ ಗೋಡೆ ಎಬ್ಬಿಸೋಕೆ ಹೋದ್ರೆ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತೆ," ಅಂದ. "ಕಾರ್ಖಾನೇಲೇ ಮಾಡಿ ತಂದು ಬೋಲ್ಟ್ ಹಾಕಿ ನಿಲ್ಲಿಸ್ತಾರಲ್ಲ, ಆ ಉಕ್ಕಿನದ್ದು ನೋಡೋಣ."

ಭಾನುವಾರ ಇಬ್ಬರೂ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದವರು. ಅಳತೆಯ ಮಾತು ಬಂದಲ್ಲಿ ಅವರನ್ನು ಬಿಟ್ಟುಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಉಕ್ಕಿನ ಶೆಡ್ಡು ಮಾಡುವ ಕಂಪನಿಯ ಅಂಗಳದಲ್ಲಿ ನಾಲ್ಕೈದು ನಮೂನೆಗಳು. ಸೇಲ್ಸ್‌ಮನ್ ಮೊದಲು ತೋರಿಸಿದ್ದು ಅರ್ಧ ಸೀಳಿ ಮಗುಚಿಟ್ಟ ಪೀಪಾಯಿಯಂಥದ್ದು. "ಒಳಗೆ ಒಂದೂ ಕಂಬ ಇಲ್ಲ ಮೇಡಂ, ಎರಡೇ ದಿನದಲ್ಲಿ ನಿಲ್ಲಿಸ್ತೀವಿ," ಅಂದ. ಗೇರಕ್ಕನಿಗೆ ಅದು ಹಿಡಿಸಿಯೇಬಿಟ್ಟಿತು. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲು ನೋಡಿದರು. ಬೆನ್ನು ತಾಗುವ ಮೊದಲೇ ತಲೆ ತಾಗಿತು.

"ಇದು ನಡುವಲ್ಲಿ ಸಡಿಲ, ಕಂಕುಳಲ್ಲಿ ಬಿಗಿ," ಅಂದರು ಅತ್ತೆ.

ಸೇಲ್ಸ್‌ಮನ್ ಕಣ್ಣು ಕಣ್ಣು ಬಿಟ್ಟ.

"ಅಲ್ಲಪ್ಪ, ಇವಳ ಕಪಾಟು, ಮೇಜು ಎಲ್ಲ ಗೋಡೆಗೆ ಒರಗಬೇಕು. ಇಲ್ಲಿ ಗೋಡೆ ಅನ್ನೋದು ಎಲ್ಲಿದೆ?"

ಗೇರಕ್ಕ ನೇರ ಗೋಡೆಯ ಶೆಡ್ಡಿನ ಕಡೆ ನಡೆದಳು. ಹತ್ತಡಿ ಎತ್ತರ ಧಾರಾಳ, ವ್ಯಾನು ಇರುವುದೇ ಏಳಡಿ ಎಂದು ಸೇಲ್ಸ್‌ಮನ್ ಶುರುಮಾಡಿದ.

"ನೆಲದ ಮೇಲೆ ಏಳಡಿ," ಅಂದಳು ಅವಳು. "ಲಿಫ್ಟ್ ಹಾಕಿಸ್ಬೇಕು ಅಂತಿದೀನಿ. ವ್ಯಾನು ಮೇಲೇರಿದಾಗ ನಾನು ಅದರಡಿ ನೆಟ್ಟಗೆ ನಿಲ್ಲಬೇಕಲ್ಲ?"

ಅವನು ಬೆರಳು ಮಡಚಿ ಲೆಕ್ಕ ಹಾಕಿ ಹದಿನಾಲ್ಕಕ್ಕೆ ಬಂದ. ಅವಳು ಚೀಲದಿಂದ ಸ್ಪ್ಯಾನರ್ ತೆಗೆದು ಬರೀ ತಗಡಿನ ಗೋಡೆಗೆ ಒಂದು ಬಾರಿಸಿದಳು. ಕಚೇರಿಯಲ್ಲಿದ್ದವರೆಲ್ಲ ಹೊರಗೆ ಬಂದರು. ಒಳಗೆ ಸದ್ದು, ಬಿಸಿಲು ತಡೆಯುವ ದಪ್ಪ ಪದರ ಹಾಕಿದ ಗೋಡೆಗೆ ಬಾರಿಸಿದಾಗ ಬಂದದ್ದು ದಿಂಬಿಗೆ ಗುದ್ದಿದಷ್ಟೇ ಸದ್ದು. "ಇದೇ ಇರಲಿ. ದಿನವಿಡೀ ಒಳಗಿರೋಳು ನಾನು," ಅಂದಳು. ಅಷ್ಟೊತ್ತೂ ಸುಮ್ಮನಿದ್ದ ಗಂಡ, "ಬಣ್ಣ ನೀಲಿ ಇದ್ರೆ ಚೆನ್ನ" ಅಂದ. ಹಾಗಾಗಿ ನೀಲಿ.

ಅಡಿಪಾಯದ ನಕಾಶೆ ಬಂತು. ಮೇಸ್ತ್ರಿ ನೂಲು ಹಿಡಿದ, ಗೇರಕ್ಕ ಕಾಗದ ಹಿಡಿದು ಅಳತೆ ಓದಿದಳು. ಕಾಂಕ್ರೀಟಿನಲ್ಲಿ ಬೋಲ್ಟುಗಳು ಸಾಲಾಗಿ ಕೂತವು. ಮೂರು ವಾರ ಬಿಟ್ಟು ಉಕ್ಕು ಹೊತ್ತ ಲಾರಿ ಬಂತು. ಜೋಡಿಸುವವರ ಮುಖ್ಯಸ್ಥ ನಕಾಶೆ ಬಿಚ್ಚಿ ಬೋಲ್ಟುಗಳನ್ನು ನೋಡಿದ. ನಕಾಶೆಯನ್ನು ಮೇಲೆಕೆಳಗೆ ತಿರುಗಿಸಿ ಮತ್ತೆ ನೋಡಿದ.

"ಅಮ್ಮಾ, ಬೋಲ್ಟು ಒಂದಿಂಚೂ ಆಚೀಚೆ ಆಗಿಲ್ಲ. ಆದ್ರೆ ಬಾಗಿಲು ರಸ್ತೆ ಕಡೆ ಬರಲ್ಲ. ಬಾಗಿಲ ಕಂಬದ ಬೋಲ್ಟೆಲ್ಲ ಹಿಂದೆ ಕೂತಿವೆ, ಹಿತ್ತಲ ಕಡೆ ಬರುತ್ತೆ."

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ. ಅವನ ಮುಖ ಬಿಳಿಚಿಕೊಂಡಿತು. ಗೇರಕ್ಕ ಮುಖ್ಯಸ್ಥನ ಕೈಯಲ್ಲಿದ್ದ ನಕಾಶೆಯನ್ನು ಇಣುಕಿ ನೋಡಿದಳು. ಒಂದು ಗೇರನ್ನೂ ತಿರುಗುಮುರುಗು ಕೂರಿಸಿದವಳಲ್ಲ ಅವಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮೇಸ್ತ್ರಿದು ತಪ್ಪಿಲ್ಲ," ಅಂದಳು. "ನಕಾಶೆ ತಲೆಕೆಳಗಾಗಿ ಹಿಡ್ಕೊಂಡು ಓದಿದ್ದು ನಾನು."

ಮೇಸ್ತ್ರಿ ಉಸಿರು ಬಿಟ್ಟ. ಅವಳು ಉಕ್ಕಿನ ತೊಲೆಗಳ ಮೇಲೆ ಹೋಗಿ ಕೂತುಬಿಟ್ಟಳು. ಕಾಂಕ್ರೀಟು ಒಡೆದರೆ ಮತ್ತೆ ಮೂರು ವಾರ. ಬಾಗಿಲು ಹಿಂದೆಯೇ ಇರಲಿ ಎಂದರೆ ಹಿಂದಿನ ಓಣಿಯಲ್ಲಿ ವ್ಯಾನು ತಿರುಗುತ್ತದೋ ಇಲ್ಲವೋ ಗೊತ್ತಿಲ್ಲ. ಲಾರಿಯವನು ಗಡಿಯಾರ ನೋಡುತ್ತಿದ್ದ. ಗಂಡ ಎಲ್ಲಿ ಹೋದ ಎಂದು ಸುತ್ತ ನೋಡಿದರೆ ಆಸಾಮಿ ನಾಪತ್ತೆ.

ಹತ್ತು ನಿಮಿಷದಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಮಕ್ಕಳನ್ನು ಬಿಟ್ಟು ಖಾಲಿ ನಿಂತಿದ್ದ ಶಾಲೆಯ ಬಸ್ಸು, ಹಿಂದುಹಿಂದಕ್ಕೆ ಬರುತ್ತಿತ್ತು. ಎರಡೂ ಕಡೆಯ ಕಾಂಪೌಂಡುಗಳಿಂದ ಜನ ಇಣುಕಿದರು. ಅತ್ತೆಯ ಬಟ್ಟೆ ಒಣಗಿಸುವ ಹಗ್ಗ ಕನ್ನಡಿಗೆ ಸಿಕ್ಕಿ ಮೂರು ರವಿಕೆ ಸಮೇತ ಕಿತ್ತುಬಂತು. ಬಸ್ಸು ಮಾತ್ರ ಒಂದೇ ಹೊರಳಿಗೆ ತಿರುಗಿ ಅಡಿಪಾಯದ ಅಂಚಿಗೆ ಬಂದು ನಿಂತಿತು.

ಗಂಡ ಕೆಳಗಿಳಿದ. "ಬಸ್ಸೇ ಬಂತು. ವ್ಯಾನು ಯಾವ ಲೆಕ್ಕ," ಅಂದ. ಅವನು ಆ ದಿನ ಆಡಿದ್ದು ಅಷ್ಟೇ ಮಾತು. ಗೇರಕ್ಕ ನಗುತ್ತಲೇ ಕಣ್ಣೊರೆಸಿಕೊಂಡು, "ನಿಲ್ಲಿಸ್ರಪ್ಪ ಕಂಬ" ಅಂದಳು. ರವಿಕೆಗಳನ್ನು ಹೆಕ್ಕುತ್ತಿದ್ದ ಅತ್ತೆ, "ಒಂದು ಮಾತು ಹೇಳಿದ್ರೆ ಹಗ್ಗ ಬಿಚ್ಚಿಕೊಡ್ತಿರಲಿಲ್ವಾ?" ಎಂದು ಮಗನನ್ನು ಬೈದರು.

ಶೆಡ್ಡು ರಸ್ತೆಗೆ ಬೆನ್ನು ಹಾಕಿಯೇ ನಿಂತಿತು. ಮೊದಮೊದಲು ಗಿರಾಕಿಗಳು ಮುಂದಿನ ನೀಲಿ ಗೋಡೆಯೆದುರು ಹಾರ್ನ್ ಹೊಡೆದುಕೊಂಡು ಕಾಯುತ್ತಿದ್ದರು. ಆಮೇಲೆ ಮನೆಯವರು ಅಲ್ಲೊಂದು ಬಾಣ ಬರೆಸಿ, "ಗೇರಕ್ಕ ಹಿಂದುಗಡೆ" ಎಂದು ಹಾಕಿಸಿದರು. ವ್ಯಾನುಗಳ ಸಾಲು ಓಣಿಗೆ ಸರಿದ ಮೇಲೆ ರಸ್ತೆಗೆ ಅಡ್ಡ ನಿಲ್ಲಿಸ್ತಾರೆ ಎಂಬ ಬೀದಿಯವರ ಹಳೇ ಗೊಣಗಾಟವೂ ನಿಂತಿತು.

ಈಗ ಶೆಡ್ಡು ಹಾಕಿಸುವವರು ಅವಳನ್ನು ಕೇಳದೆ ಮುಂದಡಿ ಇಡುವುದಿಲ್ಲ. ಮೊನ್ನೆ ಆಚೆ ಬೀದಿಯ ಬಡಗಿ ಬಂದಿದ್ದ. "ಅಕ್ಕಾ, ಎಷ್ಟು ಅಗಲ ಇಡಿಸಲಿ?"

"ನಿಮ್ಮಲ್ಲಿರೋ ಅತಿ ಉದ್ದದ ಹಲಗೆನ ಅಂಗಳದಲ್ಲಿ ಒಂದು ಸುತ್ತು ತಿರುಗಿಸಿ ನೋಡಿ."

ಅವನು ಮನೆಗೆ ಹೋಗಿ ತಿರುಗಿಸಿದನಂತೆ. ಹೆಂಡತಿಯ ಎರಡು ಹೂಕುಂಡ ಚೂರಾದವಂತೆ, ಅಳತೆ ಮಾತ್ರ ಪಕ್ಕಾ ಸಿಕ್ಕಿತಂತೆ.