ಗೇಟಿಗೊಂದು ಮಾತು

ನನ್ನ ಹೆಂಡತಿ ವರ್ನೀಟಾ ಮಾತಿನವಳಲ್ಲ. ಬಾರ್ಬಡೋಸ್‌ನ ನಮ್ಮ ಮೀನು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ನಿಂತೇ ಹಾರುವ ಮೀನಿನ ಮುಳ್ಳು ತೆಗೆದವಳು. ಪಕ್ಕದವರು ಒಂದು ಮುಗಿಸುವಷ್ಟರಲ್ಲಿ ಇವಳದು ಮೂರು. ಸಕ್ಕರೆ ಕಾಯಿಲೆ ಬಂದ ಮೇಲೂ ಒಂದು ದಿನ ಕೂರಲಿಲ್ಲ.

ಹೋದ ವರ್ಷ ಇದ್ದಕ್ಕಿದ್ದಂತೆ ಮಾತು ಶುರುವಾಯಿತು. ಮಾರುಕಟ್ಟೆಯ ದಾರಿಯಲ್ಲಿ ಪ್ರತಿ ಗೇಟಿನ ಮುಂದೆ ನಿಲ್ಲುವಳು. ಮಕ್ಕಳು ಹೇಗಿದ್ದಾರೆ, ದೀವಿಹಲಸು ಕಾಯಿ ಬಿಟ್ಟಿತಾ, ಅಂತೆಲ್ಲ. ತನ್ನ ಜಗಲಿಯಲ್ಲಿ ಕೂತ ನೆರೆಮನೆಯ ಯೂಡೀನ್ ಆಡಿಕೊಂಡಳು.

"ಎಲ್ರಿಕ್, ಏನ್ ತಿನ್ನಿಸ್ತಿದ್ದೀಯಪ್ಪ ಇವ್ಳಿಗೆ? ಮೂವತ್ ವರ್ಷದ್ ಮಾತೆಲ್ಲಾ ಈಗ ಬರ್ತಿದೆ."

ನಾನೂ ನಕ್ಕೆ. ನಗಬಾರದಿತ್ತು.

ಈ ವರ್ಷ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಎರಡು ತಿಂಗಳಾದರೂ ಮಾಯಲಿಲ್ಲ. ಕ್ಲಿನಿಕ್ಕಿಗೆ ಎಳೆದುಕೊಂಡೇ ಹೋದೆ. ಸಿಸ್ಟರ್ ಹೋಲ್ಡರ್ ಅವಳನ್ನು ಮಲಗಿಸಿ, ತೋಳಿಗೂ ಕಾಲಿನ ಗಿಣ್ಣಿಗೂ ಪಟ್ಟಿ ಸುತ್ತಿ ಬಿಪಿ ನೋಡಿದರು. ಕಾಲಿನದೇ ಜಾಸ್ತಿ ಬಂತು. ಕಾಲಿಗೆ ರಕ್ತ ಚೆನ್ನಾಗಿಯೇ ಹರಿಯುತ್ತಿದೆ ಅಂತ ನನಗೆ ಉಸಿರು ಬಂದಂತಾಯಿತು.

"ಖುಷಿ ಪಡ್ಬೇಡಿ ಅಣ್ಣ," ಎಂದರು ಸಿಸ್ಟರ್. "ಸಕ್ಕರೆ ಕಾಯ್ಲೆಲಿ ರಕ್ತನಾಳ ಗಟ್ಟಿ ಆಗ್ಬಿಡುತ್ತೆ, ಬಿಸಿಲಿಗೆ ಒಣಗಿದ್ ಪೈಪ್ ತರ. ಪಟ್ಟಿ ಅಮುಕಿದ್ರೂ ತಗ್ಗಲ್ಲ. ಅದಕ್ಕೇ ಸುಳ್ ಲೆಕ್ಕ ಬರುತ್ತೆ. ಕಾಲ್ ಬೆರಳಲ್ಲಿ ನೋಡ್ಬೇಕು."

ಕಾಲಿನ ಹೆಬ್ಬೆರಳಿಗೆ ಉಂಗುರದಂಥ ಸಣ್ಣ ಪಟ್ಟಿ ಹಾಕಿದರು. ಇಪ್ಪತ್ತೆರಡು. ಕಂಬಳಿ ಹೊದಿಸಿ ಕಾಲು ಬೆಚ್ಚಗೆ ಮಾಡಿ ಮತ್ತೆ ನೋಡಿದರು. ಇಪ್ಪತ್ತು.

"ಮೂವತ್ತಾದ್ರೂ ಇಲ್ದಿದ್ರೆ ಹುಣ್ ಮಾಯೋದ್ ಕಷ್ಟ. ನಡಿಯುವಾಗ ಮೀನಖಂಡ ನೋಯುತ್ತಾ ಅಕ್ಕ?"

ವರ್ನೀಟಾ ಸೂರು ನೋಡಿದಳು. "ಗೇಟಿಂದ ಗೇಟಿಗೆ ಬರುತ್ತೆ. ನಿಂತ್ರೆ ಹೋಗುತ್ತೆ."

ಆಗ ನನಗೆ ಗೊತ್ತಾಯಿತು.

"ನಂಗೊಂದ್ ಮಾತು ಹೇಳ್ಬಾರ್ದಿತ್ತೇನೆ?"

"ನಮ್ಮಮ್ಮ ಹಿಂಗೇ ಕಾಲ್ ನೋವು ಅಂತ ಆಸ್ಪತ್ರೇಲಿ ಹೇಳಿದ್ಲಲ್ಲ. ಮಂಡಿ ತನಕ ಕತ್ತರಿಸಿ ಕಳ್ಸಿದ್ರು. ಒಂದ್ ಕಾಲಲ್ಲಿ ನಿಂತ್ಕೊಂಡ್ ಮೀನ್ ಕೊಯ್ಯೋಕೆ ನಾನೇನ್ ಕೊಕ್ಕರೆನಾ?"

ಸಿಸ್ಟರ್ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ನಾಳೆಯೇ ಹೋಗಬೇಕು. ಕಟ್ಟಿಕೊಂಡ ರಕ್ತನಾಳ ಬಿಡಿಸಲು ಆದರೆ ಕಾಲು ಉಳಿಯುತ್ತದೆ. ಮನೆಗೆ ಬಂದು ಆ ಪಾದವನ್ನು ಎರಡು ಕೈಯಲ್ಲಿ ಹಿಡಿದು ಕೂತೆ. ಬಿಸಿಯೇ ಏರಲಿಲ್ಲ. ಐಸಿನಿಂದ ತೆಗೆದ ಮೀನಿನಂತಿತ್ತು.

ಬೆಳಿಗ್ಗೆ ಬಸ್ಸಿಗೆ ಹೊರಟೆವು. ಯೂಡೀನ್‌ಳ ಗೇಟು ಹಿಡಿದು ವರ್ನೀಟಾ ನಿಂತಳು.

"ಏನಮ್ಮಾ, ಇವತ್ತೇನ್ ಸುದ್ದಿ?" ಎಂದಳು ಯೂಡೀನ್.

ಇವಳು ನೋವಿಗೆ ತುಟಿ ಕಚ್ಚಿದ್ದಳು. ನಾನೇ ಮಾತು ತೆಗೆದೆ. ದೀವಿಹಲಸು ಕೇಳಿದೆ, ಮಗನನ್ನು ಕೇಳಿದೆ, ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದೆ. ವರ್ನೀಟಾಳ ಕೈ ಗೇಟು ಬಿಡುವವರೆಗೆ.

ಆಮೇಲೆ ಮೂರು ಗೇಟು ದಾಟಿದೆವು. ನಾಲ್ಕನೆಯದಕ್ಕೆ ಮುಂಚೆ ಖಾಲಿ ಜಾಗವಿದೆ. ಅದರ ನಡುವೆ ಅವಳು ನಿಂತಳು. ಅಲ್ಲಿ ಮಾತಾಡಲು ಯಾರೂ ಇರಲಿಲ್ಲ, ಹಿಡಿಯಲು ನನ್ನ ಭುಜ ಮಾತ್ರ. ಬಸ್ಸು ತಿರುವಿನಲ್ಲಿ ಬರುತ್ತಿತ್ತು.

"ನೀನ್ ಓಡಿ ನಿಲ್ಸು," ಎಂದಳು.

ಬಿಟ್ಟರೆ ಬೀಳುತ್ತಾಳೆ. ನಾನು ಓಡಲಿಲ್ಲ. ನಿಂತಲ್ಲಿಂದಲೇ ಕೈ ಎತ್ತಿದೆ.