ಮಿಕ್ಸರಿನ ಗುಂಯ್ ಎಲ್ಲಿಂದ ಬಂತು

ನಾನು ಹಳಿಯಾಳದಲ್ಲಿ ಹೊಲಿಗೆ ಕಲಿಸುತ್ತೇನೆ. ಸೋಮವಾರ ಸಂಜೆ ತೇರಗಾಂವದ ತವರಿಗೆ ಹೋಗಿ ಅಲ್ಲಿನ ಶಿವಭಜನಾ ಮಂಡಳಿಯಲ್ಲಿ ಹಾಡುತ್ತೇನೆ. ನಾವು ಐದು ಮಂದಿ ಹೆಂಗಸರು, ಜೊತೆಗೆ ಹಾರ್ಮೋನಿಯಂ ನುಡಿಸುವ ಒಬ್ಬರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಅವರನ್ನು ನಾವು ಪೆಟ್ಟಿಗಿ ಮಾಸ್ತರ್ ಎನ್ನುತ್ತೇವೆ. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೆಟ್ಟಿಗಿ. ವರ್ಷಗಟ್ಟಲೆ ನಮಗಿದ್ದದ್ದು ಒಂದೇ ಮೈಕು. ಆರು ಜನ ಅದರ ಸುತ್ತ ಕುತ್ತಿಗೆ ಚಾಚಿಕೊಂಡು ಹಾಡುತ್ತಿದ್ದೆವು. ಗಟ್ಟಿ ದನಿಯವರದು ಮಾತ್ರ ಕೇಳುತ್ತಿತ್ತು.

ಮಿಕ್ಸರ್ ತರಿಸೋಣ ಎಂದವರು ಮಾಸ್ತರರೇ. ನಾಲ್ಕಾರು ಮೈಕುಗಳ ದನಿಯನ್ನು ಒಟ್ಟುಗೂಡಿಸಿ, ಒಬ್ಬೊಬ್ಬರದನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಲು ಬರುವ ಪೆಟ್ಟಿಗೆ ಅದು. ಎರಡು ತಿಂಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಅಗ್ಗದವುಗಳಲ್ಲೇ ಒಳ್ಳೆಯದೆಂದು ಒಂದನ್ನು ಆರಿಸಿದರು. ಎಂಟು ಮೈಕು ಹಾಕಬಹುದಾದ ಕಪ್ಪು ಪೆಟ್ಟಿಗೆ, ಸಾಲುಸಾಲು ಬಣ್ಣದ ಗುಂಡಿಗಳು. ಅದು ಬಂದ ದಿನ ಅವರು ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು.

ಮೊದಲ ಕಾರ್ಯಕ್ರಮ ಊರಿನ ಸಭಾಭವನದಲ್ಲಿ. ಸ್ವಿಚ್ ಹಾಕುತ್ತಲೇ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ನಾವು ಹಾಡಿದರೂ ಅದೇ, ನಿಲ್ಲಿಸಿದರೂ ಅದೇ. ಮುಂದೆ ಕೂತವರೊಬ್ಬರು, "ಮಾಸ್ತರ, ಜೇನುಪೆಟ್ಟಿಗಿ ತಂದೀರೇನು?" ಎಂದರು. ಎಲ್ಲರೂ ನಕ್ಕರು. ಮಾಸ್ತರರು ತಲೆ ಎತ್ತದೆ ಕೊನೆಯ ಹಾಡಿನವರೆಗೂ ನುಡಿಸಿದರು. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನೆಗೆ ಹೋಗಿ ಕೇಳಿದರೆ, "ಮೊಣಕಾಲು ನೋವು ಐತಿ" ಎಂದರು.

ಹಾರ್ಮೋನಿಯಂ ಇಲ್ಲದೆ ನಮ್ಮ ಶ್ರುತಿ ದಿಕ್ಕಾಪಾಲಾಗಿತ್ತು. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಕಾಡಿದ್ದು ಆ ಗುಂಯ್. ಹೊಲಿಗೆ ಯಂತ್ರ ಸದ್ದು ಮಾಡಿದರೆ ಅದು ಎಲ್ಲಿಂದ ಬರುತ್ತದೆಂದು ಕಿವಿಗೊಟ್ಟು ಹುಡುಕುವುದು ನನ್ನ ಅಭ್ಯಾಸ. ಅಗ್ಗದ ಸಾಮಾನು ಎಂದು ಎಲ್ಲರೂ ತೀರ್ಮಾನಿಸಿ ಕೈಬಿಟ್ಟಿದ್ದರು. ಅಗ್ಗವಾದರೆ ಯಾಕೆ ಗುಂಯ್ ಎನ್ನಬೇಕು ಎಂದು ಯಾರೂ ಕೇಳಿರಲಿಲ್ಲ.

ಮಿಕ್ಸರನ್ನು ಚಾದರದಲ್ಲಿ ಸುತ್ತಿ ದಾಂಡೇಲಿಯ ಬಸ್ಸು ಹತ್ತಿದೆ. ನಮ್ಮ ತರಗತಿಯ ಯಂತ್ರಗಳ ಮೋಟಾರು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ಅಲ್ಲಿದ್ದಾರೆ. ವಯಸ್ಸಾದವರು, ಮೊದಲು ಮಿಲ್ಲಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಅವರು ನನ್ನ ಕಥೆಯೆಲ್ಲ ಕೇಳಿ, ಮಿಕ್ಸರಿಗೆ ಕರೆಂಟು ಕೊಟ್ಟು, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಅದನ್ನು ನನ್ನ ಕಿವಿಗೆ ಕೊಟ್ಟರು.

"ಏನ್ ಕೇಳ್ತೈತಿ?"

"ಏನೂ ಇಲ್ಲ."

"ಮತ್ತ ಇದನ್ನ ಯಾಕ ಬೈತೀರಿ? ಗುಂಯ್ ಇದರೊಳಗ ಇಲ್ಲ. ನಿಮ್ಮ ಊರಾಗ ಐತಿ."

ಆ ಭಾನುವಾರ ಅವರೇ ತೇರಗಾಂವಕ್ಕೆ ಬಂದರು. ಸಭಾಭವನದಲ್ಲಿ ಎಲ್ಲವನ್ನೂ ಅಂದಿನಂತೆಯೇ ಜೋಡಿಸಿದೆವು. ಗುಂಯ್ ಹಾಗೆಯೇ ಬಂತು. ನಮ್ಮ ಮಿಕ್ಸರಿಗೆ ವೇದಿಕೆಯ ಗೋಡೆಯಿಂದ ಕರೆಂಟು, ಸ್ಪೀಕರು ನಡೆಸುವ ಆಂಪ್ಲಿಫೈಯರಿಗೆ ಆಚೆ ಬಾಗಿಲ ಪಕ್ಕದ ಗೋಡೆಯಿಂದ. ಅವರು ಏನನ್ನೂ ಬಿಚ್ಚಲಿಲ್ಲ. ಉದ್ದ ವೈರಿನ ಬೋರ್ಡೊಂದನ್ನು ಎಳೆದು ತಂದು ಎರಡರ ಪ್ಲಗ್ಗನ್ನೂ ಅದರಲ್ಲೇ ಚುಚ್ಚಿದರು. ಸದ್ದು ನಿಂತಿತು. ಎಷ್ಟು ಪೂರ್ತಿಯಾಗಿ ನಿಂತಿತೆಂದರೆ ಹೊರಗೆ ಯಾರೋ ಬಟ್ಟೆ ಒಗೆಯುವುದು ಕೇಳಿಸಿತು.

"ಎರಡು ಗ್ವಾಡಿ ಅರ್ಥಿಂಗ್ ಒಂದಕ್ಕೊಂದು ಕೂಡೂದಿಲ್ಲ. ಅವೆರಡರ ಜಗಳಾ ನಿಮ್ಮ ವೈರಿನಾಗ ಬರ್ತಿತ್ತು," ಎಂದರು.

"ಅರ್ಥಿಂಗ್ ಪಿನ್ನ ಮುರದ್ರ ಸರಿ ಆಗ್ತೈತಿ ಅಂತ ಯಾರೋ ಹೇಳಿದ್ರು," ಎಂದೆ.

ಅವರು ಬೋರ್ಡು ಬಿಟ್ಟು ನನ್ನತ್ತ ತಿರುಗಿದರು. "ಸದ್ದು ಹೋಗ್ತೈತಿ ಖರೆ. ಹಾಡಾವರ ತುಟಿಗೆ ಮೈಕ್ ಹತ್ತಿ ಶಾಕ್ ಹೊಡದ್ರ? ಆ ಮಾತು ಇನ್ನೊಮ್ಮೆ ಆಡಬ್ಯಾಡ್ರಿ."

ಅಲ್ಲಿಂದ ನೇರ ಮಾಸ್ತರರ ಮನೆಗೆ ಹೋದೆವು. ಅವರು ಎಲ್ಲ ಕೇಳಿಸಿಕೊಂಡು, ನಾನು ಹೊಗಳಲು ಹೊರಟಾಗ ತಡೆದರು. "ಗುಂಯ್ ಅದರದಲ್ಲ ಅಂತ ಗೊತ್ತಾತು. ಆದ್ರ ಅದು ಚಲೋನೋ ಇಲ್ಲೋ ಅನ್ನೂದು ಇನ್ನೂ ಗೊತ್ತಾಗಿಲ್ಲಲ್ಲ." ಅವರಿಗೂ ನನ್ನದೇ ರೋಗ ಇದೆಯೆಂದು ಆಗ ತಿಳಿಯಿತು. ಸೋಮವಾರ ಮೊಣಕಾಲು ನೋವಿನ ಮಾತೇ ಎತ್ತದೆ ಬಂದರು.

ಹಾಗಾಗಿ ಒಂದು ಪರೀಕ್ಷೆ ಮಾಡಿದೆವು. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿರುವ ನನ್ನ ಗೆಳತಿಯ ಗಂಡನ ಬಳಿ ದುಬಾರಿ ಮಿಕ್ಸರ್ ಇತ್ತು. ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಎರಡನ್ನೂ ಒಂದೇ ದುಪ್ಪಟಿಯ ಅಡಿಯಲ್ಲಿಟ್ಟು, ಮಾಸ್ತರರು ಅದೇ ಹಾಡನ್ನು ಎರಡು ಸಲ ನುಡಿಸುವುದು, ನಾನು ವೈರು ಬದಲಿಸುವುದು, ಯಾವುದು ಯಾವುದೆಂದು ಉಳಿದವರು ಹೇಳುವುದು. ಮೂವರು ತಪ್ಪು ಹೇಳಿದರು. ಮತ್ತೆ ಇನ್ನೊಬ್ಬರು ವೈರು ಬದಲಿಸಿ, ನನಗೆ ಬರುವ ನಾಲ್ಕು ಸ್ವರಗಳನ್ನಷ್ಟೇ ನಾನು ಒತ್ತಿ, ಮಾಸ್ತರರು ಕೇಳಿದಾಗ ಅವರೂ ತಪ್ಪು ಹೇಳಿದರು.

ಸರಿ ಹೇಳಿದ್ದು ನಮ್ಮ ಹಿರಿಯ ಹಾಡುಗಾರ್ತಿ ಒಬ್ಬರೇ. ಎಂಬತ್ತರ ಹತ್ತಿರದ ಅಜ್ಜಿ, ದನಿ ಮೆಲು, ಕಿವಿ ಮಾತ್ರ ಚುರುಕು. "ಎರಡನೇದರಾಗ ಪೆಟ್ಟಿಗಿ ಉಸಿರು ತಗೊಳ್ಳೂದು ಕೇಳ್ತೈತಿ. ಮೊದಲನೇದರಾಗ ಬರೇ ಹಾಡು ಕೇಳ್ತೈತಿ," ಎಂದರು. ಎರಡನೆಯದು ದುಬಾರಿಯದಾಗಿತ್ತು.

ನಾನು ಮತ್ತೆ ಕೇಳಿದೆ. ಹೌದು, ಹಾರ್ಮೋನಿಯಂನ ತಿದಿ ಒತ್ತುವಾಗಿನ ಸಣ್ಣ ಗಾಳಿ ಅದರಲ್ಲಿತ್ತು. ನಮ್ಮದರಲ್ಲಿ ಆ ಜಾಗದಲ್ಲಿ ಸರ್ ಎನ್ನುವ ತೆಳು ಸದ್ದು, ಹಂಚಿನ ಮೇಲೆ ಹಿಟ್ಟು ಉದುರಿದ ಹಾಗೆ. ಮೆಕ್ಯಾನಿಕ್‌ಗೆ ಫೋನು ಮಾಡಿದರೆ, "ಅದು ಮಾತ್ರ ಅದರದ್ದ ಐಬು. ಗುಂಡಿ ಭಾಳ ಏರಿಸಿದ್ರ ಬರ್ತೈತಿ. ಹಾಡಾವರನ್ನ ಮೈಕಿನ ಹತ್ತಿರ ಕುಂಡ್ರಿಸ್ರಿ, ಗುಂಡಿ ಇಳಸ್ರಿ," ಎಂದರು.

ಅಜ್ಜಿ ಒಪ್ಪಲಿಲ್ಲ. ಮೈಕು ಹತ್ತಿರ ತಂದಷ್ಟೂ ಮುಖದ ಮುಂದೆ ಕೋಲು ಕಂಡವರಂತೆ ಹಿಂದೆ ಸರಿಯುತ್ತಿದ್ದರು. "ಮಾರಿಗೆ ಬಡಿಗಿ ಹಿಡದಂಗ ಆಗ್ತೈತಿ." ಕೊನೆಗೆ ಮೈಕನ್ನು ಗದ್ದದ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಓರೆಯಾಗಿ ನಿಲ್ಲಿಸಿದೆ. ಹಾಡಿದರು. ಸರ್ ಸದ್ದು ಅವರ ದನಿಯ ಅಡಿಯಲ್ಲಿ ಅಡಗಿತು. ಮಾಸ್ತರರು, "ಅಂದ್ರ ನಾ ಆರಿಸಿದ್ದು ಪೂರಾ ಖರೇನೂ ಅಲ್ಲ, ಪೂರಾ ಸುಳ್ಳೂ ಅಲ್ಲ," ಎಂದು ನಕ್ಕರು.

ಅದು ಎಷ್ಟು ದಿನ ಬಾಳುತ್ತದೆ ಎನ್ನುವ ಪ್ರಶ್ನೆ ಉಳಿದಿತ್ತು. ಮರುವರ್ಷದ ಮಳೆಗಾಲದಲ್ಲಿ ಜೋಯಿಡಾ ಕಡೆಯ ಒಂದು ಊರಿಗೆ ಹಾಡಲು ಹೋದೆವು. ಮಧ್ಯಾಹ್ನದ ಕಾರ್ಯಕ್ರಮ. ಕೊಂಕಣಿ ಆಡುವ ಜನ, ಆದರೂ ತಲೆದೂಗುತ್ತ ಕೇಳುತ್ತಿದ್ದರು. ಅಜ್ಜಿಯ ಹಾಡಿನ ನಡುವೆ ಅವರ ಮೈಕು ಸತ್ತುಹೋಯಿತು. ಮೈಕು ಬದಲಿಸಿದೆ, ವೈರು ಬದಲಿಸಿದೆ, ಏನೂ ಆಗಲಿಲ್ಲ. ಅಜ್ಜಿ ನಿಲ್ಲಿಸಲಿಲ್ಲ. ಬರಿಗಂಟಲಿನಲ್ಲೇ ಹಾಡುತ್ತ ಹೋದರು. ಹಿಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು ಕೂತರು.

ನಾನು ವೇದಿಕೆಯ ಮೂಲೆಯಿಂದ ಮೆಕ್ಯಾನಿಕ್‌ಗೆ ಫೋನು ಮಾಡಿದೆ.

"ಅಜ್ಜಿ ಮೈಕಿನ ಗುಂಡಿಗಳ ಸಾಲಿನಾಗ ಯಾವತ್ತೂ ಬಳಸದ ತೂತು ಒಂದು ಐತೇನು?" ಎಂದು ಕೇಳಿದರು.

"ಐತಿ."

"ಯಾವುದಾರೆ ಒಂದು ವೈರಿನ ಪಿನ್ನು ಅದರಾಗ ಹತ್ತು ಸಲ ಹಾಕಿ ತಗೀರಿ. ಗಾಬರಿ ಆಗಬ್ಯಾಡ್ರಿ."

ಹಾಗೆ ಮಾಡಿದೆ. ಆರನೆಯ ಸಲಕ್ಕೆ ಕರ್ರ್ ಎಂದಿತು, ಹತ್ತನೆಯದಕ್ಕೆ ಅಜ್ಜಿಯ ದನಿ ಸ್ಪೀಕರಿನಲ್ಲಿ ಬಂತು. ಮುಂದೆ ಬಂದು ಕೂತವರು ಯಾರೂ ಹಿಂದಕ್ಕೆ ಹೋಗಲಿಲ್ಲ.

ಮುಂದಿನ ವಾರ ದಾಂಡೇಲಿಯಲ್ಲಿ ಅದನ್ನು ಬಿಚ್ಚಿಸಿ ನೋಡಿದೆ. ಆ ತೂತಿನ ಒಳಗೆ ಉಗುರಿನಷ್ಟು ತಗಡಿನ ನಾಲಗೆಯೊಂದಿದೆ, ಪಿನ್ನು ಇಲ್ಲದಾಗ ಸದ್ದು ಅದನ್ನೇ ದಾಟಿ ಹೋಗಬೇಕು. ಮಳೆಯ ತೇವಕ್ಕೆ ಅದು ಕಪ್ಪಾಗಿತ್ತು. ದುಬಾರಿಯದರಲ್ಲಿ ನಾಲಗೆ ದಪ್ಪ ಇರುತ್ತದೆ, ಲೇಪ ಚೆನ್ನಾಗಿರುತ್ತದೆ, ಅಷ್ಟೇ ವ್ಯತ್ಯಾಸ ಎಂದರು ಮೆಕ್ಯಾನಿಕ್. ಎಂಟು ಸಾಲಿನ ಎಂಟು ನಾಲಗೆಗಳಲ್ಲಿ ಒಂದನ್ನು ಒರೆಸಿ ತೋರಿಸಿ, ಹತ್ತಿ ಸುತ್ತಿದ ಕಡ್ಡಿಯನ್ನೂ ಔಷಧದ ಶೀಶೆಯನ್ನೂ ನನ್ನ ಕೈಗೆ ಕೊಟ್ಟರು.

"ಉಳಿದ ಏಳು ನೀವ ಮಾಡ್ರಿ. ಸೂಜಿಗೆ ದಾರಾ ಪೋಣಿಸೋ ಕೈ ಐತಲ್ಲ. ನಾ ನಮಾಜು ಮುಗಿಸಿ ಬರ್ತೇನಿ."

ಅವರು ಬರುವಷ್ಟರಲ್ಲಿ ಐದು ಮುಗಿಸಿ ಆರನೆಯದಕ್ಕೆ ಕಡ್ಡಿ ಹಾಕಿದ್ದೆ. ಅದರ ನಾಲಗೆ ಉಳಿದವುಗಳಿಗಿಂತ ಸ್ವಲ್ಪ ಓರೆಯಾಗಿತ್ತು. ಅದು ಮೊದಲಿಂದಲೇ ಹಾಗಿತ್ತೋ ನಾನು ಬಾಗಿಸಿದೆನೋ ಎಂದು ಇಬ್ಬರೂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆವು.